ಮಿರಾಮಾರ್ ಕಡಲಿಗೆ ಇಳಿಯುವ ಮುನ್ನ: ಟ್ರಯಥ್ಲಾನ್ ಪಟುವಿನ ಒಂದು ವರ್ಷ

ಪಣಜಿಯ ಮಿರಾಮಾರ್ ಕಡಲತೀರದಲ್ಲಿ, ಮಳೆಗಾಲ ಹಿಂದೆ ಸರಿದ ಮೇಲಿನ ಒಂದು ಭಾನುವಾರ, ಬೆಳಕು ಪೂರ್ತಿ ಹರಿಯುವ ಹೊತ್ತಿಗೆ ಬಣ್ಣದ ಟೋಪಿ ತೊಟ್ಟ ನೂರಾರು ಮಂದಿ ನೀರಿನ ಅಂಚಿನಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಅವರು 1.9 ಕಿಲೋಮೀಟರ್ ಕಡಲಿನಲ್ಲಿ ಈಜಿ, ದಡಕ್ಕೆ ಬಂದು 90 ಕಿಲೋಮೀಟರ್ ಸೈಕಲ್ ತುಳಿದು, ಅದರಿಂದ ಇಳಿದ ಕೂಡಲೇ 21.1 ಕಿಲೋಮೀಟರ್ ಓಡಬೇಕು. ಇಷ್ಟನ್ನೂ ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ಐರನ್‌ಮ್ಯಾನ್ 70.3 ಗೋವಾ ಎಂಬ ಈ ಸ್ಪರ್ಧೆ ಮೊದಲು ನಡೆದದ್ದು 2019ರ ಅಕ್ಟೋಬರ್‌ನಲ್ಲಿ. ಕೊರೋನಾದಿಂದಾಗಿ ಎರಡು ವರ್ಷ ನಿಂತಿದ್ದು, 2022ರಿಂದ ಮತ್ತೆ ನಡೆಯುತ್ತಿದೆ.

2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಇದನ್ನು ಪೂರ್ಣಗೊಳಿಸಿದಾಗ ಕನ್ನಡ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಆ ಬಳಿಕ ಗೋವಾದ ಕನ್ನಡ ಮನೆಗಳಲ್ಲಿ ಐರನ್‌ಮ್ಯಾನ್ ಎಂಬ ಪದ ಕಿವಿಗೆ ಬೀಳುವುದು ಹೆಚ್ಚಾಗಿದೆ. ಹದಿನೆಂಟು ತುಂಬಿದ ಮಗಳು ‘ಮುಂದಿನ ನವೆಂಬರ್‌ಗೆ ನಾನೂ ಮಾಡುತ್ತೇನೆ’ ಎಂದಾಗ, ಗದಗ, ವಿಜಯಪುರ, ಹಾವೇರಿಯ ಕಡೆಯಿಂದ ಬಂದು ಇಲ್ಲಿ ನೆಲೆನಿಂತ ತಂದೆತಾಯಿಗಳಿಗೆ ಸಹಜವಾಗಿಯೇ ಏಳುವ ಪ್ರಶ್ನೆಗಳಿವೆ. ಇದು ಏನು? ಇದಕ್ಕೆ ಇಡೀ ವರ್ಷ ಏಕೆ ಬೇಕು? ದಿನಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೋಗುವ ಮಗು ಅಲ್ಲಿ ಮಾಡುವುದೇನು? ಬೆಳೆಯುವ ದೇಹಕ್ಕೆ ಇದರಿಂದ ಕೇಡಾಗುವುದಿಲ್ಲವೇ?

ಉತ್ತರಕ್ಕಾಗಿ ಒಬ್ಬ ಹುಡುಗಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಅವಳ ಮನೆ ಪಣಜಿಗೆ ಅಂಟಿಕೊಂಡ ತಾಳೆಗಾಂವ್‌ನಲ್ಲಿ, ಅಜ್ಜನ ಹೊಲ ಗದಗ ಜಿಲ್ಲೆಯಲ್ಲಿ. ಅವಳು ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಈ ದಾರಿಯಲ್ಲಿರುವ ಹಲವು ಮಕ್ಕಳ ದಿನಚರಿಯನ್ನು ಕೂಡಿಸಿ ಬಿಡಿಸಿದ ಚಿತ್ರ. ಚಿಕ್ಕಂದಿನಿಂದ ಈಜು ಬಲ್ಲವಳು, ಎರಡು ವರ್ಷದಿಂದ ಸಣ್ಣ ದೂರದ ಸ್ಪರ್ಧೆಗಳಲ್ಲಿ ಭಾಗವಹಿಸಿದವಳು. ಈ ಹಿನ್ನೆಲೆ ಇಲ್ಲದವರು ಒಂದೇ ವರ್ಷದಲ್ಲಿ ಇಷ್ಟು ದೂರದ ಗುರಿ ಇಟ್ಟುಕೊಳ್ಳುವುದು ಅವಸರವೆಂದೇ ನಾನು ಭಾವಿಸುತ್ತೇನೆ.

ಮೂರು ಆಟ, ಒಂದೇ ಗಡಿಯಾರ

ಟ್ರಯಥ್ಲಾನ್ ಎಂದರೆ ಈಜು, ಸೈಕಲ್ ಸವಾರಿ ಮತ್ತು ಓಟವನ್ನು ಇದೇ ಕ್ರಮದಲ್ಲಿ, ನಡುವೆ ಗಡಿಯಾರ ನಿಲ್ಲಿಸದೆ ಮುಗಿಸುವ ಒಂದೇ ಸ್ಪರ್ಧೆ. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ದಾಟುವ ಎರಡು ಘಟ್ಟಗಳನ್ನು ಟ್ರಾನ್ಸಿಷನ್ ಎನ್ನುತ್ತಾರೆ. ಬಟ್ಟೆ ಸರಿಪಡಿಸಿಕೊಳ್ಳುವ, ಬೂಟು ಹಾಕಿಕೊಳ್ಳುವ ಸಮಯವೂ ಒಟ್ಟು ಲೆಕ್ಕಕ್ಕೆ ಸೇರುವುದರಿಂದ ಇದನ್ನು ನಾಲ್ಕನೆಯ ಆಟವೆಂದು ಕರೆಯುವವರಿದ್ದಾರೆ.

ದೂರದ ಆಧಾರದ ಮೇಲೆ ನಾಲ್ಕು ಮುಖ್ಯ ಬಗೆಗಳಿವೆ. ಸ್ಪ್ರಿಂಟ್‌ನಲ್ಲಿ 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಇದರ ಇಮ್ಮಡಿ ಒಲಿಂಪಿಕ್ ದೂರ: 1.5, 40 ಮತ್ತು 10 ಕಿಲೋಮೀಟರ್. ಪೂರ್ಣ ಐರನ್‌ಮ್ಯಾನ್‌ನಲ್ಲಿ ಸುಮಾರು 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ 42.2 ಕಿಲೋಮೀಟರ್‌ನ ಪೂರ್ತಿ ಮ್ಯಾರಥಾನ್. ಅದರ ಅರ್ಧವೇ ಗೋವಾದಲ್ಲಿ ನಡೆಯುವುದು. ಮೂರೂ ದೂರಗಳನ್ನು ಮೈಲಿಯಲ್ಲಿ ಕೂಡಿಸಿದರೆ 70.3 ಬರುತ್ತದೆ, ಹೆಸರಿನಲ್ಲಿರುವ ಅಂಕಿ ಅದೇ. ಇದರಲ್ಲಿ ಭಾಗವಹಿಸಲು ಕನಿಷ್ಠ 18 ವರ್ಷ ತುಂಬಿರಬೇಕು. ಅದಕ್ಕಿಂತ ಕಿರಿಯರಿಗೆ ಸ್ಪ್ರಿಂಟ್ ಮತ್ತು ಅದಕ್ಕೂ ಚಿಕ್ಕ ದೂರಗಳೇ ತಕ್ಕವು. ಕಿರಿಯರ ವಿಶ್ವಮಟ್ಟದ ಸ್ಪರ್ಧೆಗಳೂ ಸ್ಪ್ರಿಂಟ್ ದೂರದಲ್ಲಿಯೇ ನಡೆಯುತ್ತವೆ.

ಈ ಆಟಕ್ಕೆ ಹೆಚ್ಚಿನ ವಯಸ್ಸಾಗಿಲ್ಲ. 1974ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ನಗರದ ಓಟಗಾರರ ಒಂದು ಕ್ಲಬ್ ತನ್ನ ಸದಸ್ಯರಿಗಾಗಿ ಮೂರು ಆಟ ಬೆರೆಸಿದ ಸ್ಪರ್ಧೆಯೊಂದನ್ನು ಮಿಷನ್ ಬೇ ಎಂಬಲ್ಲಿ ನಡೆಸಿತು. 1978ರಲ್ಲಿ ಹವಾಯಿಯಲ್ಲಿ, ಈಜುಗಾರರು, ಸೈಕಲ್ ಸವಾರರು ಮತ್ತು ಓಟಗಾರರಲ್ಲಿ ಯಾರು ಹೆಚ್ಚು ಗಟ್ಟಿ ಎಂಬ ವಾದದಿಂದ ಮೊದಲ ಐರನ್‌ಮ್ಯಾನ್ ಹುಟ್ಟಿತು. ಹೊರಟವರು 15 ಮಂದಿ, ಮುಗಿಸಿದವರು 12. ಒಲಿಂಪಿಕ್ಸ್‌ಗೆ ಇದು ಸೇರಿದ್ದು 2000ದ ಸಿಡ್ನಿಯಲ್ಲಿ. 2010ರ ಸಿಂಗಪುರದ ಮೊದಲ ಯುವ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಚಿನ್ನದ ಪದಕ ನಿರ್ಧಾರವಾದದ್ದು ಹುಡುಗಿಯರ ಟ್ರಯಥ್ಲಾನ್‌ನಲ್ಲಿ, ಅದನ್ನು ಗೆದ್ದವಳು ಜಪಾನಿನ ಯೂಕಾ ಸಾಟೋ.

ವರ್ಷವನ್ನು ಏಕೆ ಭಾಗ ಮಾಡುತ್ತಾರೆ

ಎರೆಹೊಲದವರಿಗೆ ‘ಹದ’ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಮಣ್ಣು ತೀರಾ ಹಸಿಯಿದ್ದಾಗ ಉತ್ತರೆ ಕಾಲಿಗೆ ಅಂಟುತ್ತದೆ, ಒಣಗಿದಾಗ ಉತ್ತರೆ ಹೆಂಟೆ ಏಳುತ್ತದೆ. ನಡುವಿನ ಕೆಲವೇ ದಿನ ಹೊಲ ಹದಕ್ಕೆ ಬಂದಿರುತ್ತದೆ. ತರಬೇತಿಯ ವರ್ಷವೂ ಹೀಗೆಯೇ ನಡೆಯುತ್ತದೆ. ದೇಹ ಯಾವಾಗ ಭಾರ ಹೊರಲು ಹದವಾಗಿದೆ, ಯಾವಾಗ ಅದನ್ನು ಬಿಡಬೇಕು ಎಂಬುದನ್ನು ನೋಡಿ ಹನ್ನೆರಡು ತಿಂಗಳನ್ನು ಭಾಗ ಮಾಡುವ ಪದ್ಧತಿಗೆ ತರಬೇತುದಾರರು ಪೀರಿಯಡೈಸೇಷನ್ ಎನ್ನುತ್ತಾರೆ. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಲೆವ್ ಮತ್ವೇಯೆವ್ ಇದನ್ನು ಕ್ರಮಬದ್ಧವಾಗಿ ನಿರೂಪಿಸಿದರು.

ಇದರ ಹಿಂದಿರುವ ತತ್ವ ಮೊದಲಿಗೆ ವಿಚಿತ್ರವೆನಿಸಬಹುದು: ವ್ಯಾಯಾಮ ಮಾಡುವಾಗ ದೇಹ ಬಲಗೊಳ್ಳುವುದಿಲ್ಲ, ದಣಿಯುತ್ತದೆ. ಸ್ನಾಯುವಿನ ನಾರುಗಳಿಗೆ ಸೂಕ್ಷ್ಮ ಹಾನಿಯಾಗುತ್ತದೆ, ಶಕ್ತಿಯ ದಾಸ್ತಾನು ಕರಗುತ್ತದೆ. ಆಮೇಲಿನ ಊಟ ಮತ್ತು ನಿದ್ದೆಯ ಅವಧಿಯಲ್ಲಿ ದೇಹ ಆ ಹಾನಿಯನ್ನು ತುಂಬಿಕೊಳ್ಳುತ್ತದೆ, ಮುಂದಿನ ಸಲಕ್ಕಿರಲಿ ಎಂದು ಮೊದಲಿಗಿಂತ ತುಸು ಹೆಚ್ಚೇ ತುಂಬಿಕೊಳ್ಳುತ್ತದೆ. ಈ ತುಸು ಹೆಚ್ಚಿನದೇ ಲಾಭ. ತುಂಬಿಕೊಳ್ಳುವ ಮೊದಲೇ ಮತ್ತೆ ಭಾರ ಹೇರಿದರೆ ಹಾನಿಯ ಮೇಲೆ ಹಾನಿ ಕೂಡುತ್ತದೆ. ಬಹಳ ದಿನ ಬಿಟ್ಟರೆ ಗಳಿಸಿದ್ದು ಕರಗಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆದ್ದರಿಂದಲೇ ಬಹುತೇಕ ತರಬೇತಿ ಕ್ರಮಗಳಲ್ಲಿ ಮೂರು ವಾರ ಭಾರ ಏರಿಸಿ, ನಾಲ್ಕನೆಯ ವಾರ ಇಳಿಸುತ್ತಾರೆ. ಆ ವಾರ ಮಗಳು ತಡವಾಗಿ ಏಳುವುದನ್ನು ಕಂಡು ‘ಉತ್ಸಾಹ ಇಳಿಯಿತು’ ಎಂದು ತಿಳಿಯಬಾರದು. ಮೂರು ವಾರದ ದುಡಿಮೆ ಅವಳ ದೇಹಕ್ಕೆ ಜಮೆಯಾಗುತ್ತಿರುವ ವಾರ ಅದು.

ಹುಡುಗಿಯ ಗುರಿ ನವೆಂಬರ್ ಆದ್ದರಿಂದ ಅವಳ ವರ್ಷ ಜನವರಿಯಲ್ಲಿ ಆರಂಭವಾಗುತ್ತದೆ. ಮೊದಲ ವಾರ ಅಳತೆಗೆ ಮೀಸಲು. 400 ಮೀಟರ್ ಮತ್ತು 200 ಮೀಟರ್ ಈಜಿನ ಸಮಯ, 20 ನಿಮಿಷ ಸೈಕಲ್ಲನ್ನು ಒಂದೇ ಸಮನೆ ಎಷ್ಟು ಬಲದಿಂದ ತುಳಿಯಬಲ್ಲಳು, 5 ಕಿಲೋಮೀಟರ್ ಎಷ್ಟು ಹೊತ್ತಿನಲ್ಲಿ ಓಡುತ್ತಾಳೆ ಎಂಬ ಅಂಕಿಗಳನ್ನು ಬರೆದಿಡುತ್ತಾರೆ. ವೈದ್ಯರ ತಪಾಸಣೆ, ಇಸಿಜಿ, ರಕ್ತದಲ್ಲಿನ ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶದ ಪರೀಕ್ಷೆಯೂ ಆಗಲೇ ಆಗುವುದು ಒಳ್ಳೆಯದು. ಜನವರಿಯಿಂದ ಮೇವರೆಗೆ ಬುನಾದಿಯ ಕಾಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೊಂದಿಗೆ ಹೊಂದಿಕೊಂಡು ಕಟ್ಟುವ ಕಾಲ, ಅಕ್ಟೋಬರ್‌ನಲ್ಲಿ ಸ್ಪರ್ಧೆಯ ವೇಗವನ್ನೇ ಅಭ್ಯಾಸ ಮಾಡುವ ಕಾಲ. ನಡುವೆ ಒಂದೆರಡು ಸ್ಪ್ರಿಂಟ್ ಅಥವಾ ಒಲಿಂಪಿಕ್ ದೂರದ ಸ್ಪರ್ಧೆಗಳು ಬಂದರೆ ಅವನ್ನು ತಾಲೀಮೆಂದೇ ಎಣಿಸುತ್ತಾರೆ.

ಹತ್ತು ಗಂಟೆಯಲ್ಲಿ ಎಂಟು ಗಂಟೆ ನಿಧಾನ

ಬುನಾದಿಯ ಕಾಲದಲ್ಲಿ ಅವಳ ವಾರ ಸುಮಾರು ಹತ್ತು ಗಂಟೆಯದು: ಮೂರು ಈಜು, ಮೂರು ಸೈಕಲ್, ಮೂರು ಓಟ, ಒಂದೆರಡು ಸಲ ಬಲವರ್ಧನೆಯ ವ್ಯಾಯಾಮ. ಒಂದು ದಿನ ಪೂರ್ತಿ ವಿರಾಮ. ಇದರಲ್ಲಿ ಹೊರಗಿನವರಿಗೆ ಅಚ್ಚರಿ ಹುಟ್ಟಿಸುವುದು ವೇಗ. ಮಿರಾಮಾರ್‌ನಿಂದ ದೋನಾ ಪಾವ್ಲಾ ಕಡೆಗೆ ಹೋಗುವ ರಸ್ತೆಯಲ್ಲಿ ಬೆಳಗಿನ ಜಾವ ಅವಳು ಓಡುವುದನ್ನು ಕಂಡ ನೆಂಟರು, ಇಷ್ಟು ನಿಧಾನವಾಗಿ ಓಡಿದರೆ ಏನು ಬಂತು ಎಂದು ಕೇಳಬಹುದು. ಆ ನಿಧಾನ ಬೇಕೆಂದೇ ಮಾಡಿದ್ದು. ದೀರ್ಘದೂರದ ನುರಿತ ಕ್ರೀಡಾಪಟುಗಳ ದಿನಚರಿಗಳನ್ನು ಅಧ್ಯಯನ ಮಾಡಿದ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ, ಅವರು ತಮ್ಮ ತರಬೇತಿಯ ಸುಮಾರು 80 ಪ್ರತಿಶತವನ್ನು ಹಗುರವಾಗಿಯೇ ನಡೆಸುವುದನ್ನು ಗುರುತಿಸಿದರು.

ಇದರ ಕಾರಣ ದೇಹದ ಎರಡು ಉಗ್ರಾಣಗಳಲ್ಲಿದೆ. ಹಳೆಯ ಮನೆಗಳಲ್ಲಿ ನೆಲದಡಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು, ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿ ಇರುತ್ತಿತ್ತು. ದೇಹದ ಕೊಬ್ಬು ಹಗೇವಿನ ಜೋಳವಿದ್ದಂತೆ: ತೆಳ್ಳಗಿನ ಮನುಷ್ಯನಲ್ಲೂ ಹಲವು ದಿನಗಳಿಗೆ ಸಾಲುವಷ್ಟಿದೆ, ಆದರೆ ಅದನ್ನು ತೆಗೆದು, ಹಸನು ಮಾಡಿ, ಬೀಸಿ ತರಲು ಹೊತ್ತು ಹಿಡಿಯುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿರುವ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಡಬ್ಬಿಯ ಹಿಟ್ಟು: ಕೈಗೆ ಕೂಡಲೇ ಸಿಗುತ್ತದೆ, ಆದರೆ ಇರುವುದು ಹೆಚ್ಚೆಂದರೆ 400ರಿಂದ 500 ಗ್ರಾಂ, ಅಂದರೆ ಸುಮಾರು 2000 ಕ್ಯಾಲೊರಿ. ಜೋರಾಗಿ ಓಡುವಾಗ ದೇಹ ಡಬ್ಬಿಗೇ ಕೈಹಾಕುತ್ತದೆ. ಹಗುರವಾಗಿ ಸಾಗುವಾಗ ಹಗೇವಿನಿಂದ ಹೆಚ್ಚು ತೆಗೆಯುತ್ತದೆ. ಆರೇಳು ಗಂಟೆಯ ಸ್ಪರ್ಧೆ ಬರೀ ಡಬ್ಬಿಯ ಹಿಟ್ಟಿನ ಮೇಲೆ ನಡೆಯುವುದಿಲ್ಲ.

ನಿಧಾನದ ಓಟ ಮತ್ತು ಸವಾರಿ ತಿಂಗಳುಗಟ್ಟಲೆ ನಡೆದಾಗ ಸ್ನಾಯುಗಳ ಸುತ್ತ ಹೊಸ ಸೂಕ್ಷ್ಮ ರಕ್ತನಾಳಗಳು ಹುಟ್ಟುತ್ತವೆ, ಜೀವಕೋಶದೊಳಗೆ ಕೊಬ್ಬನ್ನು ಆಮ್ಲಜನಕದೊಂದಿಗೆ ಉರಿಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಾಗಳು ಹೆಚ್ಚುತ್ತವೆ, ಹೃದಯ ಒಂದೊಂದು ಬಡಿತಕ್ಕೂ ಮೊದಲಿಗಿಂತ ಹೆಚ್ಚು ರಕ್ತವನ್ನು ಹೊರದೂಡಲು ಕಲಿಯುತ್ತದೆ. ಕಾಲುವೆಯ ಕವಲುಗಳು ಹೊಲದ ಮೂಲೆಮೂಲೆಗೂ ಹರಿದಂತೆ ಇದು. ಜನವರಿಯಲ್ಲಿ ನಿಮಿಷಕ್ಕೆ 150 ಬಡಿತದಲ್ಲಿ ಓಡುತ್ತಿದ್ದ ವೇಗವನ್ನೇ ಮೇ ತಿಂಗಳಲ್ಲಿ ಇನ್ನೂ ಕಡಿಮೆ ಬಡಿತದಲ್ಲಿ ಓಡುವುದು ಸಾಧ್ಯವಾಗುವುದು ಇದರಿಂದಲೇ. ಹಗುರ ಎಂದರೆ ಎಷ್ಟು ಎಂಬುದಕ್ಕೆ ಸುಲಭದ ಅಳತೆಯಿದೆ: ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತ ಸಾಗಲು ಆಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಉಳಿದ ಐದನೇ ಒಂದು ಪಾಲು ನಿಜಕ್ಕೂ ಕಠಿಣ. ದೇಹದಲ್ಲಿ ಲ್ಯಾಕ್ಟೇಟ್ ಎಂಬ ವಸ್ತು ಸದಾ ಹುಟ್ಟುತ್ತಲೂ ಬಳಕೆಯಾಗುತ್ತಲೂ ಇರುತ್ತದೆ. ಅದು ವಿಷವಲ್ಲ, ಅದೂ ಒಂದು ಇಂಧನವೇ. ಶ್ರಮ ಒಂದು ಮಟ್ಟ ಮೀರಿದಾಗ ಅದು ಬಳಕೆಗಿಂತ ವೇಗವಾಗಿ ರಕ್ತದಲ್ಲಿ ಕೂಡತೊಡಗುತ್ತದೆ. ಆ ಗಡಿಯಾಚೆಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಆ ಗಡಿಯ ಆಸುಪಾಸಿನಲ್ಲಿ ಎಂಟು ಹತ್ತು ನಿಮಿಷದ ತುಣುಕುಗಳನ್ನು ಮಾಡಿ, ಗಡಿಯನ್ನೇ ಮೇಲಕ್ಕೆ ತಳ್ಳುವುದು ಈ ಕಠಿಣ ಪಾಲಿನ ಕೆಲಸ. ಮಕ್ಕಳು ಮಾಡುವ ಸಾಮಾನ್ಯ ತಪ್ಪೆಂದರೆ ಹಗುರದ ದಿನವನ್ನು ಅರೆಕಠಿಣ ಮಾಡಿ, ಕಠಿಣದ ದಿನ ದಣಿದು ಬಂದು ಅದನ್ನೂ ಅರೆಮನಸ್ಸಿನಲ್ಲಿ ಮುಗಿಸುವುದು. ಹೀಗಾದಾಗ ಎರಡೂ ದಿನಗಳ ಫಲ ಕೈತಪ್ಪುತ್ತದೆ.

ಇದಲ್ಲದೆ ‘ಬ್ರಿಕ್’ ಎಂಬ ಅಭ್ಯಾಸವಿದೆ. ಎರಡು ಗಂಟೆ ಸೈಕಲ್ ತುಳಿದು ಇಳಿದವರು ಕೂಡಲೇ ಓಡತೊಡಗಿದರೆ ಕಾಲುಗಳು ತಮ್ಮವಲ್ಲವೆಂಬಂತೆ ಭಾಸವಾಗುತ್ತದೆ. ಸೊಂಟ ಬಗ್ಗಿಸಿಕೊಂಡು ದುಂಡಗೆ ತುಳಿಯುತ್ತಿದ್ದ ಸ್ನಾಯುಗಳು, ನೆಟ್ಟಗೆ ನಿಂತು ಮೈಭಾರ ಹೊತ್ತು ನೆಗೆಯುವ ಕೆಲಸಕ್ಕೆ ಒಗ್ಗಲು ಕೆಲವು ನಿಮಿಷ ಬೇಕು. ಸವಾರಿಯ ಬೆನ್ನಿಗೇ ಹದಿನೈದು ಇಪ್ಪತ್ತು ನಿಮಿಷ ಓಡುವುದನ್ನು ವಾರಕ್ಕೊಮ್ಮೆ ರೂಢಿಸಿಕೊಂಡರೆ ಆ ಒಗ್ಗುವಿಕೆ ಬೇಗ ಬರುತ್ತದೆ.

ಕಡಲು ಮುಚ್ಚುವ ನಾಲ್ಕು ತಿಂಗಳು

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಅವಳ ಅಜ್ಜನ ಊರಿನ ಕಡೆ ಇದರ ಐದನೇ ಒಂದು ಪಾಲಿನ ಆಸುಪಾಸು. ಈ ತಿಂಗಳುಗಳಲ್ಲಿ ಕಡಲು ಒರಟಾಗುತ್ತದೆ, ದಡದಿಂದ ಒಳಕ್ಕೆ ಎಳೆಯುವ ಸೆಳವುಗಳು ಹೆಚ್ಚುತ್ತವೆ, ಜೀವರಕ್ಷಕರು ಕೆಂಪು ಬಾವುಟ ನೆಡುತ್ತಾರೆ. ಗೋವಾದಲ್ಲಿ ಯಾಂತ್ರಿಕ ಮೀನುಗಾರಿಕೆಯನ್ನೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧಿಸಿರುತ್ತಾರೆ. ಎಷ್ಟೇ ಚೆನ್ನಾಗಿ ಈಜು ಬಂದರೂ ಆ ಕಾಲದಲ್ಲಿ ಕಡಲಿಗೆ ಇಳಿಯುವ ಮಾತೇ ಇಲ್ಲ. ಈ ಒಂದು ವಿಷಯದಲ್ಲಿ ಮನೆಯವರು ಖಡಾಖಂಡಿತವಾಗಿರಬೇಕು.

ಹಾಗಾಗಿ ಮಳೆಗಾಲದ ಈಜು ಕೊಳದಲ್ಲಿ. ಪಣಜಿಯ ಕಾಂಪಾಲ್‌ನಲ್ಲಿ ಈಜುಕೊಳವಿದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಓಟದಲ್ಲಿ ಇನ್ನಷ್ಟು ಬಲ ಹಾಕಿದರೆ ವೇಗ ಕಣ್ಣಿಗೆ ಕಾಣುವಂತೆ ಏರುತ್ತದೆ. ನೀರಿನಲ್ಲಿ ಆ ಬಲದ ಬಹುಪಾಲು ತಡೆಯನ್ನು ಎದುರಿಸುವುದರಲ್ಲೇ ಖರ್ಚಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಒಣಸೋರೆಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ತಲೆಯನ್ನು ಮೇಲೆತ್ತಿ ಈಜುತ್ತಾರೆ. ತಲೆ ಎದ್ದರೆ ಕಾಲು ಕೆಳಗಿಳಿಯುತ್ತದೆ, ಆಗ ಮೈ ಹರಿವಿಗೆ ಅಡ್ಡ ಹಿಡಿದ ಬಾಗಿಲಿನಂತಾಗುತ್ತದೆ. ಮುಖವನ್ನು ನೀರಿನೊಳಗಿಟ್ಟು, ಮೈಯನ್ನು ಮೇಲ್ಮೈಗೆ ಸಮನಾಗಿ ಚಾಚಿ, ಉಸಿರಿಗೆ ಮಾತ್ರ ಪಕ್ಕಕ್ಕೆ ಹೊರಳಿ, ಮೊಣಕೈ ಮೇಲಿಟ್ಟು ಮುಂಗೈಯಿಂದ ನೀರನ್ನು ಹಿಂದಕ್ಕೆ ಹಿಡಿದೊತ್ತುವುದನ್ನು ಕಲಿತರೆ, ಅದೇ ಬಲದಲ್ಲಿ ಹೆಚ್ಚು ದೂರ ಸಾಗಬಹುದು. ಮಳೆಗಾಲದ ಈಜೆಲ್ಲ ಈ ತಿದ್ದುಪಡಿಗೇ ಮೀಸಲು.

ಸೈಕಲ್ಲನ್ನು ಮನೆಯೊಳಗೆ ಟ್ರೇನರ್ ಎಂಬ ಸ್ಟ್ಯಾಂಡಿಗೆ ಸಿಕ್ಕಿಸಿ, ಹಿಂಚಕ್ರಕ್ಕೆ ತಡೆ ಕೊಟ್ಟು ತುಳಿಯುತ್ತಾರೆ. ಮಳೆ ಬಿಟ್ಟ ಮುಂಜಾವುಗಳಲ್ಲಿ ರಿಬಂದರ್‌ನಿಂದ ಹಳೆಗೋವಾದ ಕಡೆಗೆ ಮಾಂಡವಿ ನದಿಯ ಪಕ್ಕದಲ್ಲಿ ಸಾಗುವ ಸಮತಟ್ಟಿನ ರಸ್ತೆ, ಏರು ಬೇಕಾದಾಗ ಕದಂಬ ಪ್ರಸ್ಥಭೂಮಿಯ ದಾರಿ. ಹೆದ್ದಾರಿಯ ವಾಹನಗಳೇ ಈ ಇಡೀ ತರಬೇತಿಯ ದೊಡ್ಡ ಅಪಾಯ. ಬೆಳಕು ಹರಿಯುವ ಹೊತ್ತಿಗೆ, ಹಿಂದೆ ಮುಂದೆ ದೀಪ ಹಚ್ಚಿಕೊಂಡು, ಒಂಟಿಯಾಗಿ ಹೋಗದೆ ಸಣ್ಣ ಗುಂಪಿನಲ್ಲಿ ಹೋಗಿ, ವಾಹನ ಹೆಚ್ಚುವ ಮೊದಲೇ ಮರಳುವುದು ನಿಯಮವಾಗಬೇಕು.

ಮೂರು ಆಟಗಳಿಗೂ ಸಮಯವನ್ನು ಹೇಗೆ ಹಂಚಬೇಕೆಂಬುದಕ್ಕೆ ಒಂದು ಚಿಕ್ಕ ಲೆಕ್ಕ ಸಹಾಯ ಮಾಡುತ್ತದೆ. ಈಜಿನಲ್ಲಿ ಪ್ರತಿ 100 ಮೀಟರ್‌ಗೆ 10 ಸೆಕೆಂಡ್ ಉಳಿಸಲು ತಿಂಗಳುಗಳೇ ಬೇಕಾಗಬಹುದು. ಹಾಗೆ ಉಳಿಸಿದರೂ 1.9 ಕಿಲೋಮೀಟರ್‌ಗೆ ಲಾಭ ಮೂರು ನಿಮಿಷದಷ್ಟು. ಸೈಕಲ್ಲಿನ ಸರಾಸರಿ ವೇಗ ಗಂಟೆಗೆ 26ರಿಂದ 27 ಕಿಲೋಮೀಟರ್‌ಗೆ ಏರಿದರೆ 90 ಕಿಲೋಮೀಟರ್‌ನಲ್ಲಿ ಏಳೂವರೆ ನಿಮಿಷಕ್ಕೂ ಹೆಚ್ಚು ಉಳಿಯುತ್ತದೆ. ಹಾಗಿದ್ದರೂ ಈಜನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಕೆಟ್ಟದಾಗಿ ಈಜಿದವರು ಹೊರಬರುವಷ್ಟರಲ್ಲಿ ಹಿಟ್ಟಿನ ಡಬ್ಬಿಯನ್ನು ಅರ್ಧ ಖಾಲಿ ಮಾಡಿಕೊಂಡಿರುತ್ತಾರೆ.

ಊಟ, ನಿದ್ದೆ, ಬೆಳೆಯುವ ಮೂಳೆ

ತಂದೆತಾಯಿಗಳ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದು. ಹದಿಹರೆಯದವರಲ್ಲಿ ಮೂಳೆ ಇನ್ನೂ ಗಟ್ಟಿಯಾಗುತ್ತಿರುತ್ತದೆ. ತರಬೇತಿಗೆ ಖರ್ಚಾಗುವಷ್ಟು ಶಕ್ತಿ ಊಟದಿಂದ ಬರದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ: ಮುಟ್ಟು ಏರುಪೇರಾಗುತ್ತದೆ ಅಥವಾ ನಿಲ್ಲುತ್ತದೆ, ಮೂಳೆ ತೆಳುವಾಗುತ್ತದೆ, ಪದೇ ಪದೇ ನೆಗಡಿ ಜ್ವರ ಬರುತ್ತದೆ, ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಗೆ ಒಂದು ಹೆಸರು ಕೊಟ್ಟು, ಇದು ಹುಡುಗರಿಗೂ ಆಗಬಹುದೆಂದು ಸ್ಪಷ್ಟಪಡಿಸಿತು. ಮುಟ್ಟು ನಿಂತದ್ದನ್ನು ‘ಆಟ ಆಡುವವರಿಗೆ ಹಾಗೆಯೇ’ ಎಂದು ತಳ್ಳಿಹಾಕಬಾರದು. ಅದು ವೈದ್ಯರ ಬಳಿಗೆ ಹೋಗಬೇಕಾದ ಲಕ್ಷಣ. ತೂಕ ಇಳಿದರೆ ವೇಗ ಬರುತ್ತದೆ ಎಂಬ ಮಾತನ್ನು ಈ ವಯಸ್ಸಿನ ಮಕ್ಕಳ ಎದುರು ಆಡದಿರುವುದೇ ಒಳಿತು.

ಒಳ್ಳೆಯ ಸುದ್ದಿಯೆಂದರೆ ನಮ್ಮ ಮನೆಯ ಊಟ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು, ಶೇಂಗಾ ಚಟ್ನಿ, ಮೊಟ್ಟೆ ಅಥವಾ ಇಲ್ಲಿನ ಮೀನು. ದೀರ್ಘ ಸವಾರಿಯ ಹಿಂದಿನ ರಾತ್ರಿ ಅನ್ನ ತುಸು ಹೆಚ್ಚು. ಆದರೆ ನಾರು ಹೆಚ್ಚಿರುವ ರೊಟ್ಟಿ ಕಾಳುಗಳನ್ನು ಸ್ಪರ್ಧೆಯ ಬೆಳಿಗ್ಗೆ ತಿನ್ನುವುದಿಲ್ಲ, ಹೊಟ್ಟೆ ಕೆಡಬಹುದು. ಈ ವಯಸ್ಸಿಗೆ ರಾತ್ರಿ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ನಾಲ್ಕೂವರೆಗೆ ಏಳುವವಳು ಎಂಟೂವರೆಗೆ ಮಲಗಬೇಕೆಂದಾಯಿತು, ಅಂದರೆ ಮನೆಯ ಟಿವಿ, ಊಟದ ಹೊತ್ತು, ಪಾಠದ ಹೊತ್ತು ಎಲ್ಲವೂ ಹಿಂದಕ್ಕೆ ಸರಿಯಬೇಕು. ಈ ಆಟ ಇಡೀ ಮನೆಯ ಗಡಿಯಾರವನ್ನು ಬದಲಿಸುತ್ತದೆ.

ಗಡಿಗೆಯ ನೀರು ಇಲ್ಲಿ ಏಕೆ ತಣ್ಣಗಾಗುವುದಿಲ್ಲ

ಗದಗದ ಬೇಸಿಗೆಯಲ್ಲಿ ಮಣ್ಣಿನ ಗಡಿಗೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ. ಅದೇ ಗಡಿಗೆಯನ್ನು ಗೋವಾಕ್ಕೆ ತಂದಿಟ್ಟರೆ ನೀರು ಅಷ್ಟು ತಣಿಯುವುದಿಲ್ಲ. ಗಡಿಗೆಯ ಹೊರಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಆವಿಯಾಗುವುದು ನಿಧಾನ. ಓಡುವವರ ಚರ್ಮಕ್ಕೂ ಇದೇ ನಿಯಮ. ಬೆವರು ಹರಿದು ಬಿದ್ದರೆ ಮೈ ತಣಿಯದು, ಆರಿದರೆ ಮಾತ್ರ ತಣಿಯುತ್ತದೆ. ಆದ್ದರಿಂದಲೇ ನವೆಂಬರ್‌ನಲ್ಲೂ ಪಣಜಿಯ ಮಧ್ಯಾಹ್ನದ ಓಟ ಕಠಿಣ.

ದೇಹ ಶಾಖಕ್ಕೆ ಒಗ್ಗಿಕೊಳ್ಳಬಲ್ಲದು. ಹತ್ತರಿಂದ ಹದಿನಾಲ್ಕು ದಿನ ಬಿಸಿಲಿನಲ್ಲಿ ಹಗುರವಾಗಿ ಅಭ್ಯಾಸ ಮಾಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಕುಡಿಯುವ ವಿಷಯದಲ್ಲಿ ಎರಡು ಕಡೆಯ ಅಪಾಯವಿದೆ. ಕಡಿಮೆ ಕುಡಿದರೆ ನಿರ್ಜಲೀಕರಣ ಎಂಬುದು ಎಲ್ಲರಿಗೂ ಗೊತ್ತು. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ಗೊಂದಲ, ಕೊನೆಗೆ ಪ್ರಾಣಾಪಾಯವೂ ಬರಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಅಭ್ಯಾಸಕ್ಕೆ ಮೊದಲು ಮತ್ತು ನಂತರ ತೂಕ ನೋಡಿ, ಗಂಟೆಗೆ ತನ್ನ ದೇಹ ಎಷ್ಟು ಬೆವರುತ್ತದೆ ಎಂಬುದನ್ನು ತಿಳಿದು, ಉಪ್ಪು ಬೆರೆತ ಪಾನೀಯದೊಂದಿಗೆ ಅಷ್ಟರೊಳಗೇ ಕುಡಿಯುವುದು ಸರಿಯಾದ ದಾರಿ.

ಕೊನೆಯ ಎರಡು ವಾರ ಮತ್ತು ಆ ದಿನ

ಸ್ಪರ್ಧೆಗೆ ಎರಡು ವಾರ ಇರುವಾಗ ಅಭ್ಯಾಸದ ಒಟ್ಟು ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸುತ್ತಾರೆ, ಆದರೆ ಚಿಕ್ಕ ಚಿಕ್ಕ ವೇಗದ ತುಣುಕುಗಳನ್ನು ಉಳಿಸಿಕೊಳ್ಳುತ್ತಾರೆ. ಇದಕ್ಕೆ ಟೇಪರ್ ಎನ್ನುತ್ತಾರೆ. ಕೂಡಿಬಿದ್ದ ದಣಿವು ಗಳಿಸಿದ ಶಕ್ತಿಗಿಂತ ಬೇಗ ಕರಗುವುದರಿಂದ, ಈ ಅವಧಿಯ ಕೊನೆಗೆ ದೇಹ ವರ್ಷದಲ್ಲೇ ಹೆಚ್ಚು ಹದವಾಗಿರುತ್ತದೆ. ಕೈಕಾಲು ಚಡಪಡಿಸುತ್ತವೆ, ಇನ್ನೊಂದು ದೀರ್ಘ ಸವಾರಿ ಮಾಡಿಬಿಡೋಣ ಎನಿಸುತ್ತದೆ. ಆಗ ಕೊಯ್ಲಿಗೆ ನಿಂತ ಬೆಳೆಗೆ ಮತ್ತೆ ನೀರು ಹಾಯಿಸುವ ರೈತನಿಲ್ಲ ಎಂದು ಅಜ್ಜ ಹೇಳಿದರೆ ಸಾಕು.

ಆ ದಿನ ಈಜುಗಾರರು ಸಣ್ಣ ಸಣ್ಣ ತಂಡಗಳಾಗಿ ಸರತಿಯಲ್ಲಿ ನೀರಿಗೆ ಇಳಿಯುತ್ತಾರೆ. ಪ್ರತಿಯೊಬ್ಬರ ಕಾಲಿಗೆ ಕಟ್ಟಿದ ಚಿಪ್ ಅವರವರ ಸಮಯ ಅಳೆಯುತ್ತದೆ. ಕಡಲಿನ ನೀರು 24.5 ಡಿಗ್ರಿಗಿಂತ ಬಿಸಿಯಿದ್ದರೆ ತೇಲಲು ನೆರವಾಗುವ ವೆಟ್‌ಸೂಟ್ ಧರಿಸಿ ವಯೋಗುಂಪಿನ (ವಯಸ್ಸಿನ ಪ್ರಕಾರ ವಿಂಗಡಿಸಿದ, ವೃತ್ತಿಪರರಲ್ಲದ) ಸ್ಪರ್ಧಿಗಳು ಸ್ಥಾನಕ್ಕಾಗಿ ಸ್ಪರ್ಧಿಸುವಂತಿಲ್ಲ. ಗೋವಾದ ನೀರು ಅದಕ್ಕಿಂತ ಸಾಕಷ್ಟು ಬೆಚ್ಚಗಿರುತ್ತದೆ. ಕೊಳದ ತಳದಲ್ಲಿರುವ ಕಪ್ಪು ಗೆರೆ ಕಡಲಲ್ಲಿ ಇರುವುದಿಲ್ಲವಾದ್ದರಿಂದ ಆಗಾಗ ಕಣ್ಣನ್ನು ಮಾತ್ರ ಮೇಲೆತ್ತಿ ತೇಲುಗುರುತನ್ನು ನೋಡಿಕೊಳ್ಳಬೇಕು. ಹೆದರಿಕೆಯಾದರೆ ರಕ್ಷಕರ ದೋಣಿಯನ್ನು ಹಿಡಿದು ನಿಲ್ಲಬಹುದು. ಅದರ ನೆರವಿನಿಂದ ಮುಂದೆ ಸಾಗದಿದ್ದರೆ ಅದು ತಪ್ಪಲ್ಲ. ಈ ನಿಯಮ ಮನೆಯವರಿಗೂ ತಿಳಿದಿದ್ದರೆ ಎದೆಬಡಿತ ಕಡಿಮೆಯಾದೀತು.

ಟ್ರಾನ್ಸಿಷನ್‌ನಲ್ಲಿ ಹೆಲ್ಮೆಟ್ಟಿನ ಕೊಂಡಿ ಹಾಕಿದ ಮೇಲೆಯೇ ಸೈಕಲ್ ಮುಟ್ಟಬೇಕು. ಗುರುತಿಸಿದ ಗೆರೆ ದಾಟುವವರೆಗೆ ಹತ್ತುವಂತಿಲ್ಲ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಸಾಗಿದರೆ ಗಾಳಿಯ ತಡೆ ತುಂಬ ಕಡಿಮೆಯಾಗುತ್ತದೆ. ಇದಕ್ಕೆ ಡ್ರಾಫ್ಟಿಂಗ್ ಎನ್ನುತ್ತಾರೆ. ಒಲಿಂಪಿಕ್ಸ್ ಮತ್ತು ಕಿರಿಯರ ಉನ್ನತ ಸ್ಪರ್ಧೆಗಳಲ್ಲಿ ಇದಕ್ಕೆ ಅವಕಾಶವಿದೆ. 70.3ರ ವಯೋಗುಂಪುಗಳಲ್ಲಿ ಇಲ್ಲ. ಎರಡು ಸೈಕಲ್‌ಗಳ ನಡುವೆ 12 ಮೀಟರ್ ಅಂತರವಿರಬೇಕು, ಹಿಂದಿಕ್ಕುವುದಿದ್ದರೆ 25 ಸೆಕೆಂಡ್‌ನೊಳಗೆ ಮುಗಿಸಬೇಕು, ತಪ್ಪಿದವರಿಗೆ ದಂಡವಾಗಿ ಕೆಲವು ನಿಮಿಷ ನಿಲ್ಲುವ ಶಿಕ್ಷೆ.

ಡಬ್ಬಿಗೆ ಹಿಟ್ಟು ತುಂಬಿಸಿಕೊಳ್ಳುವುದು ಹೆಚ್ಚಾಗಿ ಸೈಕಲ್ಲಿನ ಮೇಲೆಯೇ, ಏಕೆಂದರೆ ಓಡುವಾಗ ಹೊಟ್ಟೆ ಕುಲುಕಿ ತಿಂದದ್ದು ಇಳಿಯುವುದು ಕಷ್ಟ. ಗಂಟೆಗೆ 60 ಗ್ರಾಂ ಶರ್ಕರಪಿಷ್ಟ ಒಂದು ಸಾಮಾನ್ಯ ಗುರಿ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಇರುವುದು ಸುಮಾರು 25 ಗ್ರಾಂ. ಮೂರೂವರೆ ಗಂಟೆಯ ಸವಾರಿಗೆ ಒಟ್ಟು 210 ಗ್ರಾಂ ಬೇಕೆಂದಾಯಿತು. ಅದನ್ನು ಸಿಹಿ ಪಾನೀಯ, ಜೆಲ್, ಬೆಲ್ಲದ ಚಿಕ್ಕಿ, ಖರ್ಜೂರ ಎಂದು ಹಂಚಿ, ಇಪ್ಪತ್ತು ನಿಮಿಷಕ್ಕೊಮ್ಮೆ ತುಸುತುಸು ತಿನ್ನುತ್ತಾರೆ. ಇದನ್ನೂ ಜುಲೈನಿಂದಲೇ ಅಭ್ಯಾಸ ಮಾಡಿರಬೇಕು, ಏಕೆಂದರೆ ಕರುಳಿಗೂ ತರಬೇತಿ ಬೇಕು. ಸ್ಪರ್ಧೆಯ ದಿನ ಹೊಸ ತಿನಿಸು, ಹೊಸ ಬೂಟು ಎರಡೂ ಬೇಡ.

ನಮ್ಮ ಹುಡುಗಿ 44 ನಿಮಿಷ ಈಜಿ, ಮೂರೂವರೆ ಗಂಟೆ ತುಳಿದು, ಕಿಲೋಮೀಟರ್‌ಗೆ ಏಳು ನಿಮಿಷದಂತೆ ಎರಡೂವರೆ ಗಂಟೆ ಓಡಿದರೆ ಒಟ್ಟು ಸುಮಾರು ಏಳು ಗಂಟೆಯಲ್ಲಿ ಮುಗಿಸುತ್ತಾಳೆ. ಕೊನೆಯ ಐದು ಕಿಲೋಮೀಟರ್ ನಡೆದೇ ಸಾಗಿದರೂ ನಿಗದಿತ ಅವಧಿಯೊಳಗೆ ತಲುಪಲು ಅವಕಾಶವಿದೆ. ತಲೆಸುತ್ತು, ಮೈನಡುಕ, ಎದೆನೋವು, ಮಾತಿನಲ್ಲಿ ತಡವರಿಕೆ ಕಂಡರೆ ಮಾತ್ರ ಅಲ್ಲೇ ನಿಂತು ವೈದ್ಯರನ್ನು ಕರೆಯಬೇಕು.

ಎಳ್ಳಮಾವಾಸ್ಯೆಯ ಹೊತ್ತಿಗೆ

ಸ್ಪರ್ಧೆ ಮುಗಿದ ಮೇಲಿನ ಮೂರು ನಾಲ್ಕು ವಾರ ಯೋಜಿತ ತರಬೇತಿ ಇರುವುದಿಲ್ಲ. ಸೈಕಲ್ಲಿನ ಉಪ್ಪು ತೊಳೆದು, ಸವೆದ ಸರಪಳಿ ಬದಲಿಸುತ್ತಾರೆ. ಮನಸ್ಸು ಬಂದರೆ ಈಜು, ಗೆಳತಿಯರೊಂದಿಗೆ ಬ್ಯಾಡ್ಮಿಂಟನ್, ಉಳಿದಂತೆ ಕಾಲೇಜಿನ ಪರೀಕ್ಷೆಗಳ ಓದು. ಎಳ್ಳಮಾವಾಸ್ಯೆಗೆ ಚೋರ್ಲಾ ಘಾಟಿ ಹತ್ತಿ ಊರಿಗೆ ಹೋಗಿ, ಹಿಂಗಾರಿ ಬೆಳೆಯ ನಡುವೆ ಚರಗ ಚೆಲ್ಲಿ, ಹೊಲದಲ್ಲೇ ಕೂತು ಸಜ್ಜಿ ರೊಟ್ಟಿ ಉಣ್ಣಲು ಆ ವರ್ಷದಲ್ಲಿ ಅವಳಿಗೆ ಸಿಗುವ ಬಿಡುವು ಇದೇ. ತೂಕ ಒಂದೆರಡು ಕಿಲೋ ಏರಬಹುದು, ಏರಲಿ.

ಬಿಡುವು ಮುಗಿಸಿ ಬಂದ ಮೇಲೆ ಮತ್ತೆ ಕಾಂಪಾಲ್‌ನ ಕೊಳದಲ್ಲಿ 400 ಮೀಟರ್, ಹತ್ತು ನಿಮಿಷ ಬಿಟ್ಟು 200 ಮೀಟರ್. ಕಳೆದ ಜನವರಿಯ ಅಂಕಿಗಳ ಪಕ್ಕದ ಖಾಲಿ ಅಂಕಣದಲ್ಲಿ ಹೊಸ ಅಂಕಿಗಳನ್ನು ಬರೆಯುತ್ತಾರೆ. ಬರುವ ವರ್ಷದ ಹಗುರ ಯಾವುದು, ಕಠಿಣ ಯಾವುದು ಎಂಬುದನ್ನು ಅವುಗಳಿಂದಲೇ ಲೆಕ್ಕ ಹಾಕುತ್ತಾರೆ.